ಸಿಟ್ಟಿನ ಪಥ್ಯ

ನಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಬರುವುದಾದರೆ ಅದು ನನಗೇ ಬರಬೇಕು ಎಂದು ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಅದಕ್ಕೆ ಬೇಕಾದ ತಯಾರಿಯನ್ನೂ ಮಾಡಿಕೊಂಡಿದ್ದೆ. ಅಂಗಿಯ ಕಿಸೆಯಲ್ಲಿ ನಾಲಿಗೆಯ ಕೆಳಗಿಡುವ ಗುಳಿಗೆ ಇರುತ್ತಿತ್ತು. ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ, ಕಚೇರಿಯ ಗೆಳೆಯರೊಬ್ಬರ ಸ್ಟ್ರಿಪ್ಪಿನಿಂದ ಕತ್ತರಿಸಿಕೊಂಡದ್ದು. ಸಿಕಂದರಾಬಾದಿನ ಹತ್ತಿರದ ಮಲ್ಕಾಜ್‌ಗಿರಿಯಿಂದ ಕಚೇರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದೊಡನೆ ಎಡಗೈಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. ಪಕ್ಕದವರು ನಾನು ಗಡಿಯಾರ ನೋಡುತ್ತಿದ್ದೇನೆಂದು ತಿಳಿದು ಟೈಮೆಷ್ಟು ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಅಷ್ಟರಲ್ಲಿ ಎಣಿಕೆ ತಪ್ಪಿ, ತಪ್ಪಿದ್ದು ಎಣಿಕೆಯೋ ನಾಡಿಯೋ ಎಂಬ ಹೊಸ ಚಿಂತೆ ಶುರುವಾಗುತ್ತಿತ್ತು.

ನನ್ನ ಹೆಂಡತಿ ಈ ವಿಷಯದಲ್ಲಿ ಮೊದಲಿನಿಂದಲೂ ನಿರ್ದಯಿ. "ನಿಮಗ ಏನೂ ಆಗಂಗಿಲ್ಲ ಬಿಡ್ರಿ. ಆಗೋದಿದ್ರ ನಿಮ್ಮ ಜೋಡಿ ಇರೋ ನನಗ ಆಗತೈತಿ," ಎನ್ನುತ್ತಿದ್ದಳು.

ಇಬ್ಬರ ಊಹೆಯೂ ತಪ್ಪಾಯಿತು. ಬಂದದ್ದು ಅಣ್ಣನಿಗೆ.

ಅಣ್ಣ ನನಗಿಂತ ಬಹಳ ದೊಡ್ಡವನು. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಕಪ್ಪು ಕೋಟಿನಲ್ಲೇ ಕೂದಲು ಬಿಳಿ ಮಾಡಿಕೊಂಡು ನಿವೃತ್ತನಾದವನು. ಅಪ್ಪ ರಾಯಚೂರು ಕಡೆಯಿಂದ ರೈಲ್ವೆ ನೌಕರಿಗೆಂದು ಬಂದು, ಮಲ್ಕಾಜ್‌ಗಿರಿಯಲ್ಲಿ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ಅಣ್ಣ ಮತ್ತು ವೈನಿ, ಅಂದರೆ ಅವನ ಹೆಂಡತಿ, ಇಬ್ಬರೇ ಇದ್ದಾರೆ. ಅವರಿಗೆ ಮಕ್ಕಳಿಲ್ಲ. ಮೇಲಿನ ಭಾಗದಲ್ಲಿ ನಾನು ಮತ್ತು ನನ್ನ ಹೆಂಡತಿ. ನಮ್ಮ ಮಕ್ಕಳು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದವು, ಮನೆಗೆ ಬಂದರೆ ದೊಡ್ಡಪ್ಪನಿಗೆ ಕಾಣದಂತೆ ಮೆಟ್ಟಿಲು ಹತ್ತುತ್ತಿದ್ದವು.

ಅಣ್ಣನ ಕೆಲಸದ ರೀತಿಯನ್ನು ಒಮ್ಮೆ ಅವನ ಜೊತೆಗೇ ಹೋಗಿ ನೋಡಿದ್ದೇನೆ. ನಾನು ವಾಡಿ ಜಂಕ್ಷನ್ನಿಗೆ ಹೋಗುತ್ತಿದ್ದ ಗಾಡಿಯಲ್ಲೇ ಅವನ ಡ್ಯೂಟಿ ಬಿದ್ದಿತ್ತು. ಡಬ್ಬಿಯ ಬಾಗಿಲಲ್ಲಿ ನಿಂತು ಅವನು ಮೊದಲು ಯಾರನ್ನೂ ಏನೂ ಕೇಳಲಿಲ್ಲ, ಸುಮ್ಮನೆ ನೋಡಿದ. ಟಿಕೆಟ್ಟನ್ನು ತಾವಾಗಿ ಮುಂದೆ ಹಿಡಿದವರನ್ನು ದಾಟಿಕೊಂಡು ಹೋಗಿ, ಕಿಟಕಿಯಾಚೆ ತೊಗರಿ ಹೊಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ ಒಬ್ಬನ ಹೆಗಲು ತಟ್ಟಿದ. ಅವನ ಹತ್ತಿರ ಟಿಕೆಟ್ ಇರಲಿಲ್ಲ. ಆಮೇಲೆ ಮೇಲಿನ ಬರ್ತಿನಲ್ಲಿ ಮುಸುಕೆಳೆದು ಮಲಗಿದವನೊಬ್ಬನನ್ನು ಎಬ್ಬಿಸಿದ. ಅವನ ಹತ್ತಿರವೂ ಇರಲಿಲ್ಲ. ಹೇಗೆ ತಿಳಿಯಿತು ಎಂದು ಕೇಳಿದೆ. "ಖರೇ ನಿದ್ದಿ ಬಂದೋರ ಕಾಲ್ಬೆರಳು ಸಡಲ ಬಿದ್ದಿರ್ತಾವ," ಎಂದ. "ಇವನ ಹೆಬ್ಬಟ್ಟು ನೆಟ್ಟಗ ನಿಂತಿತ್ತು, ನೋಡ್ಲಿಲ್ಲೇನು?" ನಾನು ನೋಡಿರಲಿಲ್ಲ. ನಾನು ನನ್ನ ಟಿಕೆಟ್ ಕಿಸೆಯಲ್ಲಿದೆಯೋ ಇಲ್ಲವೋ ಎಂದು ತಡವಿಕೊಳ್ಳುವುದರಲ್ಲಿದ್ದೆ.

ಆ ಕಪ್ಪು ಕೋಟನ್ನು ಅವನು ಮನೆಗೆ ಬಂದು ಗೂಟಕ್ಕೆ ಹಾಕುತ್ತಿದ್ದ, ಕಣ್ಣು ಮಾತ್ರ ಡ್ಯೂಟಿಯ ಮೇಲೇ ಇರುತ್ತಿತ್ತು. ತರಕಾರಿಯವಳ ತಕ್ಕಡಿಯ ಕೆಳಗೆ ಬೆರಳು ತೂರಿಸಿ ನೋಡುವುದು, ಆಟೋದವನಿಗೆ ದಾರಿಯುದ್ದಕ್ಕೂ ದಾರಿ ಹೇಳುವುದು, ಗುಡಿಯಲ್ಲಿ ಪ್ರಸಾದದ ಉಂಡೆ ನಮಗೆ ಸಣ್ಣದು ಬಿತ್ತೆಂದು ಪೂಜಾರಿಯನ್ನು ಕೇಳುವುದು. ತೆಲುಗಿನವರಿಗೆ ನಮ್ಮನ್ನು ಕಂಡರೆ ಆಗುವುದಿಲ್ಲ ಎನ್ನುತ್ತಿದ್ದ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರೆ, ಬೆಂಗಳೂರು ಕಡೆಯಿಂದ ಬಂದವರು ನಮ್ಮ ಮಾತು ಕೇಳಿ ಒಳಗೊಳಗೇ ನಗುತ್ತಾರೆ ಎಂದು ಊಟದ ನಡುವೆ ಎದ್ದು ಬರುತ್ತಿದ್ದ. ಸಂಶಯದಲ್ಲಿ ಅವನು ಯಾವ ಜಾತಿ, ಭಾಷೆಯವರಿಗೂ ಪಕ್ಷಪಾತ ಮಾಡಿದವನಲ್ಲ. ಲೋಕದಲ್ಲಿ ಎಲ್ಲರೂ ಟಿಕೆಟ್ಟಿಲ್ಲದೆ ಹತ್ತಿದವರು, ಇದೆ ಎಂದು ತೋರಿಸುವ ಭಾರ ಅವರವರದು.

ಹಾಗೆಂದು ಕೆಟ್ಟವನೆಂದು ಯಾರೂ ತಿಳಿಯಬಾರದು. ಅಪ್ಪ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಅವರ ಮೈ ಒರೆಸಿದವನು ಅಣ್ಣ. ನಾನು ಪಕ್ಕದಲ್ಲಿ ನಿಂತು ಕಾಯಿಲೆ ಅಂಟುತ್ತದೋ ಹೇಗೆ ಎಂದು ಯೋಚಿಸುತ್ತಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಕಾಡಿದ ಹುಡುಗರ ಮನೆಗೇ ಹೋಗಿ ಹೊಡೆದು ಬಂದಿದ್ದಾನೆ. ನನ್ನನ್ನು ವಿನಾಕಾರಣ ಆದಿಲಾಬಾದಿಗೆ ವರ್ಗ ಮಾಡಿದಾಗ ಅವನು ನಮ್ಮ ಅಧಿಕಾರಿಯ ಕೋಣೆಗೆ ನುಗ್ಗಿ ಕೂಗಾಡಿದ. ವರ್ಗ ರದ್ದಾಗಲಿಲ್ಲ, ಇನ್ನೂ ದೂರದ ತಾಲ್ಲೂಕಿಗೆ ಹಾಕಿದರು. ಆದರೂ ನನಗಾಗಿ ಲೋಕದಲ್ಲಿ ಒಬ್ಬ ಕೂಗಾಡಿದನಲ್ಲ ಎಂದು ಒಳಗೆ ಹಿತವಾಗಿತ್ತು.

ಅವನ ಕಾಯಿಲೆ ಕಾಣಿಸಿಕೊಂಡದ್ದು ಒಂದು ಬೇಸಗೆಯ ಮಧ್ಯಾಹ್ನ. ನಮ್ಮ ಓಣಿಗೆ ದಿನ ಬಿಟ್ಟು ದಿನ ನಳದಲ್ಲಿ ನೀರು ಬರುತ್ತಿತ್ತು. ಪಕ್ಕದ ಮನೆಯ ಮಾಸ್ತರು, ತೆಲುಗಿನವರು, ನಮ್ಮಣ್ಣನಂತೆಯೇ ನಿವೃತ್ತರು, ನಳಕ್ಕೆ ನೇರ ಮೋಟಾರು ಕೂಡಿಸಿ ನಮ್ಮ ಪಾಲಿನ ನೀರನ್ನೂ ಎಳೆಯುತ್ತಾರೆಂಬುದು ಅಣ್ಣನ ಬಹಳ ವರ್ಷಗಳ ನಂಬಿಕೆ. ನೀರು ಬರುವ ಹೊತ್ತಿಗೆ ಅವನು ಕಾಂಪೌಂಡ್ ಗೋಡೆಗೆ ಕಿವಿ ಹಚ್ಚಿ ಮೋಟಾರಿನ ಸದ್ದಿಗೆ ಕಾಯುತ್ತಿದ್ದ. ಅಂದು ಹಾಗೆ ನಿಂತಿದ್ದಾಗ ಮಾಸ್ತರು ಹೊರಗೆ ಬಂದು, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬಂದೇ ನೋಡಿಕೊಳ್ಳಿ ಎಂದರು. ಅದನ್ನು ಅಣ್ಣ ಧಿಮಾಕು ಎಂದು ತಿಳಿದ. ಹಿಂದಿಯಲ್ಲಿ ಶುರುವಾದ ಮಾತು ತೆಲುಗಿಗೆ ದಾಟಿ, ಕೊನೆಗೆ ಅಣ್ಣನ ಕಡೆಯಿಂದ ಅಪ್ಪಟ ಕನ್ನಡದ ಬೈಗುಳಕ್ಕೆ ಬಂದು ನಿಂತಿತು. ಆಮೇಲೆ ಅವನು ಒಳಗೆ ಬಂದು ಕಟ್ಟೆಯ ಮೇಲೆ ಕೂತ. ಕೂತವನು ಏಳಲಿಲ್ಲ.

ನಾನು ಇಳಿದು ಬಂದು ನೋಡಿದೆ. ಮುಖ ಬೂದಿಯ ಬಣ್ಣ, ಬನಿಯನ್ ತೋಯ್ದು ಹೋಗಿದೆ, ಎಡತೋಳನ್ನು ಬಲಗೈಯಿಂದ ಒತ್ತಿಕೊಂಡಿದ್ದಾನೆ. ನಾನು ನನ್ನ ಮೈಮೇಲೆ ಇಷ್ಟು ವರ್ಷ ಹುಡುಕಿದ ಗುರುತುಗಳೆಲ್ಲ ಅಲ್ಲಿದ್ದವು. ಗ್ಯಾಸು ಎಂದ. ಕಿಸೆಯಿಂದ ಗುಳಿಗೆ ತೆಗೆದು, ನಾಲಿಗೆಯ ಕೆಳಗಿಡು ಎಂದು ಕೊಟ್ಟೆ. ಆ ನೋವಿನಲ್ಲೂ ಅವನು ಅದರ ಹಿಂದಿನ ಬೆಳ್ಳಿಕಾಗದವನ್ನು ತಿರುಗಿಸಿ ನೋಡಿದ.

"ಇದರ ಡೇಟ್ ಮುಗದೈತಿ," ಎಂದ.

ಮುಗಿದಿತ್ತು.

ಸಿಕಂದರಾಬಾದಿನ ಒಂದು ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದೆವು. ದಾರಿಯಲ್ಲಿ ಅವನು ಆಟೋದವನಿಗೆ ದಾರಿ ಹೇಳಲಿಲ್ಲ. ಅದನ್ನು ಕಂಡು ವೈನಿ ಸೆರಗು ಬಾಯಿಗೊತ್ತಿ ಅಳತೊಡಗಿದರು. ಅಲ್ಲಿ ಅವನನ್ನು ಒಳಗಿಟ್ಟುಕೊಂಡು, ನೋವು ನಿಂತ ಮೇಲೆ, ತೊಡೆಯ ಹತ್ತಿರದಿಂದ ತೆಳ್ಳನೆಯ ನಳಿಕೆ ತೂರಿಸಿ ಹೃದಯದ ರಕ್ತನಾಳಗಳ ಚಿತ್ರ ತೆಗೆದರು. ಚಿತ್ರ ಬಂದ ಮೇಲೆ ಡಾಕ್ಟರು ನನ್ನನ್ನೂ ವೈನಿಯನ್ನೂ ಕೋಣೆಗೆ ಕರೆದರು.

ಡಾಕ್ಟರು ನನ್ನ ವಯಸ್ಸಿನ ತೆಲುಗು ಹೆಣ್ಣುಮಗಳು, ಸಾವಕಾಶ ಮಾತಾಡುವವರು. ಮುಖ್ಯವಾದ ಮೂರೂ ರಕ್ತನಾಳಗಳು ಕೊಬ್ಬು ಕಟ್ಟಿ ಕಿರಿದಾಗಿವೆ, ಬೈಪಾಸ್ ಆಪರೇಷನ್ ಮಾಡಬೇಕು, ತಡ ಮಾಡುವಂತಿಲ್ಲ, ಮಾಡಿದರೆ ಇನ್ನೂ ಬಹಳ ವರ್ಷ ಬದುಕಬಹುದು ಎಂದರು. ಸಿಗರೇಟಿನ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ, ಅಪ್ಪ ಹೇಗೆ ಹೋದರೆಂಬುದರ ಬಗ್ಗೆ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, ಇವರ ಸ್ವಭಾವ ಹೇಗೆ ಎಂದು ಕೇಳಿದರು. ವಾರ್ಡಿನಲ್ಲಿ ನರ್ಸು ಸೂಜಿ ಬದಲಿಸಿಲ್ಲ ಎಂದು ಆಗಲೇ ಒಂದು ಜಗಳವಾಗಿತ್ತಂತೆ.

ವೈನಿ ಉತ್ತರ ಕೊಡುವ ಬದಲು ನಕ್ಕುಬಿಟ್ಟರು. ಅಷ್ಟು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಿಟ್ಟು ಎಲ್ಲರಿಗೂ ಬರುತ್ತದೆ, ಬಂದು ಹೋಗುತ್ತದೆ, ಅದು ದೊಡ್ಡ ಮಾತಲ್ಲ. ಆದರೆ ಕೆಲವರಿಗೆ ಜನರ ಮೇಲೆ ಒಂದು ನಿರಂತರವಾದ ಹಗೆ ಇರುತ್ತದೆ. ಎದುರಿಗಿರುವವನು ಮೋಸ ಮಾಡಲೆಂದೇ ಬಂದಿದ್ದಾನೆ ಎಂದು ಅವರ ಮೈ ದಿನವಿಡೀ ಕಾದಾಟಕ್ಕೆ ಸಿದ್ಧವಾಗಿ ನಿಂತಿರುತ್ತದೆ. ಸುಮ್ಮನೆ ಕೂತಾಗಲೂ ರಕ್ತದ ಒತ್ತಡ ಏರಿರುತ್ತದೆ, ರಕ್ತನಾಳದ ಒಳಗೋಡೆ ಸವೆಯುತ್ತದೆ, ಸವೆದಲ್ಲಿ ಕೊಬ್ಬು ಕೂತುಕೊಳ್ಳುತ್ತದೆ. ಹೀಗಾಗಬಹುದು ಎಂದು ನಮ್ಮ ಓದು ಹೇಳುತ್ತದೆ, ಇದೊಂದೇ ಕಾರಣ ಎಂದು ನಾನು ಹೇಳಲಾರೆ, ಸಿಗರೇಟೂ ಇದೆ, ವಂಶವೂ ಇದೆ ಎಂದರು. ನಾನು ತಡೆಯಲಾರದೆ, ಚಿಂತೆ ಮಾಡುವವರಿಗೂ ಹೀಗಾಗುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಸದ್ಯ ಇವರ ವಿಷಯ ಮಾತಾಡೋಣ ಎಂದರು.

ನಾಳೆ ರೋಗಿಗೆ ನಾನೇ ಎಲ್ಲ ಹೇಳುತ್ತೇನೆಂದು ಡಾಕ್ಟರು ಎದ್ದಾಗ ವೈನಿ ಕೈ ಮುಗಿದರು. ಇಲ್ಲಿ ಹೇಳಬೇಡಿ, ಕೂಗಾಡುತ್ತಾರೆ, ಕೂಗಾಡಿದರೆ ನೀವೇ ಹೇಳಿದ ಹಾಗೆ ಏನಾದರೂ ಆಗಿಬಿಡುತ್ತದೆ, ಮನೆಗೆ ಒಯ್ದು ಸಮಾಧಾನದಿಂದ ಹೇಳಿ ಕರೆತರುತ್ತೇವೆ ಎಂದು ಬೇಡಿಕೊಂಡರು. ಡಾಕ್ಟರಿಗೆ ಮನಸ್ಸಿರಲಿಲ್ಲ. ಹೇಳಿಯೇ ಕರೆತನ್ನಿ, ಮುಚ್ಚಿಡಬೇಡಿ, ಬೇಗ ಬನ್ನಿ ಎಂದು ಎರಡೆರಡು ಸಲ ಹೇಳಿ ಒಪ್ಪಿದರು.

ವಾರ್ಡಿಗೆ ಮರಳಿದಾಗ ಅಣ್ಣ, ಏನಂದಳು ಎಂದು ಕೇಳಿದ. "ಗ್ಯಾಸಂತ್ರಿ. ಸ್ವಲ್ಪ ಬಿ.ಪಿ. ಐತಂತ," ಎಂದರು ವೈನಿ. ನಾನು ಹಣ್ಣಿನ ಚೀಲದಲ್ಲಿ ಮೋಸಂಬಿ ಹುಡುಕುತ್ತಿದ್ದೆ.

ನಮ್ಮ ಕಡೆಯ ಮನೆಗಳಲ್ಲಿ ಯಾವ ರೋಗಕ್ಕೂ ಮೊದಲ ಮದ್ದು ಪಥ್ಯ. ಜ್ವರಕ್ಕೆ ಎಣ್ಣೆ ಬಂದ್, ಕೆಮ್ಮಿಗೆ ಮೊಸರು ಬಂದ್, ಬಾಣಂತಿಗೆ ನೀರೂ ಬಂದ್. ವೈನಿ ಇಂಥ ಪಥ್ಯಗಳಲ್ಲಿ ನುರಿತವರು. ಮನೆಗೆ ಬಂದ ಸಂಜೆ ಅವರು ಮೇಲೆ ಬಂದು ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹೊಸ ಪಥ್ಯ ವಿಧಿಸಿದರು. ಸಾರಿನಿಂದ ಉಪ್ಪು ತೆಗೆದ ಹಾಗೆ ಮನೆಯಿಂದ ಎದುರುಮಾತು ತೆಗೆಯುವುದು. ಅಣ್ಣ ಏನೇ ಅಂದರೂ ಹೌದೆನ್ನಬೇಕು. ಮೈ ಸ್ವಲ್ಪ ತಣ್ಣಗಾದ ಮೇಲೆ ಆಪರೇಷನ್ನಿನ ಮಾತು ತೆಗೆಯೋಣ. "ಈಗ ಹೇಳಿದ್ರ ಸಿಟ್ಟಿನಾಗ ಎದಿ ಒಡಕೊಂಡು ಸಾಯ್ತಾರ," ಎಂದರು. ಡಾಕ್ಟರು ರೋಗದ ಬೇರಿನ ಬಗ್ಗೆ ಹೇಳಿದ್ದನ್ನು ನಾವು ತಿನಿಸಿನ ಪಟ್ಟಿಯ ಹಾಗೆ ಕೇಳಿಸಿಕೊಂಡಿದ್ದೆವು. ನನಗೆ ಇದರಲ್ಲಿ ಏನೋ ತಪ್ಪಿದೆ ಅನ್ನಿಸಿತು. ಆದರೆ ನನಗೆ ಎಲ್ಲದರಲ್ಲೂ ಏನೋ ತಪ್ಪಿದೆ ಅನ್ನಿಸುತ್ತದೆ, ಹಾಗಾಗಿ ನನ್ನ ಅನ್ನಿಸಿಕೆಗೆ ಮನೆಯಲ್ಲಿ ಬೆಲೆ ಇಲ್ಲ.

ಪಥ್ಯ ಶುರುವಾಯಿತು. ಹಾಲಿನವನು ನೀರು ಬೆರೆಸುತ್ತಾನೆ ಎಂದ ಅಣ್ಣ. ಹೌದು, ಬೆರೆಸುತ್ತಾನೆ ಎಂದರು ವೈನಿ. ನಿನ್ನ ಈಗಿನ ಅಧಿಕಾರಿಯೂ ಕಳ್ಳ ಎಂದ. ಕಳ್ಳ ಎಂದೆ ನಾನು. ಅವರು ಆ ವಾರವಷ್ಟೇ ನನಗೆ ರಜೆ ಮಂಜೂರು ಮಾಡಿದ್ದರು. ಟೀವಿಯಲ್ಲಿ ಮಾತಾಡುತ್ತಿದ್ದ ಮಂತ್ರಿಯನ್ನು ಬೈದ, ನಾವೂ ಬೈದೆವು. ಅವನ ಎದುರು ಪಕ್ಷದವನನ್ನು ಬೈದ, ಅವನನ್ನೂ ಬೈದೆವು. ಅವನು ಮಾತು ನಿಲ್ಲಿಸಿ ನಮ್ಮಿಬ್ಬರನ್ನೂ ತಿರುತಿರುಗಿ ನೋಡಿದ.

ವೈನಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಕ್ಕದ ಮನೆಗೆ ಹೋಗಿ ಮಾಸ್ತರರ ಹೆಂಡತಿಯ ಹತ್ತಿರ ಕಣ್ಣೀರು ಹಾಕಿ ಬಂದರು. ಮರುದಿನ ಮಾಸ್ತರು, ಆ ಬಡಪಾಯಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ತನ್ನಿಂದ ತಪ್ಪಾಯಿತು, ಇನ್ನು ಮುಂದೆ ನಳಕ್ಕೆ ಮೋಟಾರು ಹಚ್ಚುವುದಿಲ್ಲ ಎಂದು ಅಣ್ಣನಿಗೆ ಕೈ ಮುಗಿದು ಹೋದರು. ಅವರ ಮನೆಯಲ್ಲಿ ಮೋಟಾರೇ ಇರಲಿಲ್ಲ. ಛಾವಣಿಯ ಮೇಲಿಂದ ನನಗೆ ಅವರ ಹಿತ್ತಿಲು ಪೂರ್ತಿ ಕಾಣುತ್ತದೆ, ಹಗ್ಗ ಬಕೆಟ್ಟು ಬಿಟ್ಟರೆ ಏನಿಲ್ಲ.

ಅಣ್ಣ ಗೆದ್ದ ಸಂತೋಷದಿಂದ ತಣ್ಣಗಾಗುತ್ತಾನೆ ಎಂದು ನಾವು ಕಾದೆವು. ಅವನು ಊಟ ಬಿಟ್ಟ. ಎಷ್ಟೋ ವರ್ಷ ಇಲ್ಲ ಇಲ್ಲ ಎಂದವನು ಇಂದು ಹೌದೆಂದನಲ್ಲ, ಯಾಕೆ ಎಂದು ಒಬ್ಬನೇ ಗೊಣಗುತ್ತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಇಷ್ಟು ದಿನ ಅವನ ಸಂಶಯಗಳಿಗೆ ಆಧಾರ ಇರಲಿಲ್ಲ. ಎಲ್ಲರೂ ಸೇರಿ ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಹೊಸ ಸಂಶಯಕ್ಕೆ ಪೂರ್ತಿ ಆಧಾರವಿತ್ತು. ಅದನ್ನು ನಾವೇ ಒದಗಿಸಿದ್ದೆವು.

ಒಂದು ಭಾನುವಾರ ಚಹಾದ ಹೊತ್ತಿಗೆ ಅವನು ನಮ್ಮೆಲ್ಲರನ್ನೂ ನಡುಮನೆಗೆ ಕರೆದ. ತಾನು ಬಾಗಿಲಿಗೆ ಒರಗಿ ನಿಂತ. ಬಹಳ ಹೊತ್ತು ಏನೂ ಕೇಳಲಿಲ್ಲ, ಸುಮ್ಮನೆ ನೋಡಿದ. ನನ್ನ ಹೆಂಡತಿ ಕಪ್ಪುಗಳನ್ನು ಜೋಡಿಸಿದಳು. ವೈನಿ ಮಂಗಳಸೂತ್ರದ ಕರಿಮಣಿ ತಿರುವಿದರು. ನಾನು ಕಿಟಕಿಯಾಚೆ ನೋಡಿದೆ. ಕಿಟಕಿಯಾಚೆ ಮಾಸ್ತರರ ಗೋಡೆಯಲ್ಲದೆ ಬೇರೇನಿರಲಿಲ್ಲ. ಆದರೂ ನಾನು ಅದನ್ನು ಬಹಳ ಆಸಕ್ತಿಯಿಂದ ನೋಡಿದೆ.

ಅವನು ನೇರ ನನ್ನ ಹತ್ತಿರ ಬಂದು ಹೆಗಲು ತಟ್ಟಿದ.

"ಡಾಕ್ಟರ್ ಒಳಗ ಕರದು ಏನಂದ್ಲು?"

"ಗ್ಯಾಸು..."

"ಈ ಕಡಿ ನೋಡಿ ಹೇಳು."

ಹೇಳಿಬಿಟ್ಟೆ. ಮೂರೂ ನಾಳಗಳು ಕಟ್ಟಿವೆ, ಆಪರೇಷನ್ ಆಗಬೇಕು, ಇಷ್ಟರಲ್ಲೇ ಆಗಬೇಕಿತ್ತು. ಹೇಳುತ್ತಿದ್ದಂತೆ ವೈನಿ ಅವನ ಹಿಂದೆ ಕುರ್ಚಿ ಎಳೆದಿಟ್ಟದ್ದು ಕಂಡಿತು. ಅವನು ಬೀಳಲಿಲ್ಲ. ಕೂಗಲೂ ಇಲ್ಲ. ಅವನ ಮುಖದ ಮೇಲೆ ಒಂದು ಸಣ್ಣ ನಗು ಬಂತು. ವಾಡಿಯ ಗಾಡಿಯಲ್ಲಿ ಆ ಮುಸುಕಿನವನನ್ನು ಎಬ್ಬಿಸಿದಾಗಲೂ ಅದೇ ನಗು ಬಂದಿತ್ತು. ಆಮೇಲೆ ಅವನು ಒಂದೊಂದನ್ನೇ ಕೇಳಿದ. ಮಾಸ್ತರ ತಪ್ಪಾಯಿತೆಂದದ್ದು? ಸುಳ್ಳು. ಹಾಲಿನವ? ಗೊತ್ತಿಲ್ಲ, ಸುಮ್ಮನೆ ಹೌದೆಂದೆವು. ನಿನ್ನ ಅಧಿಕಾರಿ? ಒಳ್ಳೆಯವರು. ಮಂತ್ರಿ? ಅದು ಮಾತ್ರ ನಿಜ ಎಂದೆ. ಅವನು ನಗಲಿಲ್ಲ.

"ಅಂದ್ರ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು," ಎಂದ. "ಈಗ ಆಪರೇಷನ್ ಅಂತ ಹೇಳಾಕತ್ತಿಯಲ್ಲ, ಅದೊಂದು ಖರೇ. ಹೌದಲ್ಲೋ?"

ವೈನಿ ಅಳುತ್ತ, "ನಿಮಗ ಸಿಟ್ಟು ಬರತೈತಂತ ಹೇಳಲಿಲ್ಲರಿ," ಎಂದರು.

"ಎಲ್ಲೈತಿ ಸಿಟ್ಟು? ನಾ ಸಿಟ್ಟಾಗೀನೇನು?"

ಆಗಿರಲಿಲ್ಲ. ಡಾಕ್ಟರು ಆ ಕೋಣೆಯಲ್ಲಿ ಹೇಳಿದ್ದು ಕೂಗಾಟದ ಬಗ್ಗೆ ಅಲ್ಲವೆಂದು ನನಗೆ ತಿಳಿದದ್ದು ಅವನು ಅಷ್ಟು ತಣ್ಣಗೆ ನಿಂತಿದ್ದನ್ನು ನೋಡಿದಾಗ. ನಾವು ಕೂಗಾಟಕ್ಕೆ ಪಥ್ಯ ಮಾಡಿ, ಅದರ ಕೆಳಗಿದ್ದುದಕ್ಕೆ ಹೊಟ್ಟೆ ತುಂಬ ಉಣ್ಣಿಸಿದ್ದೆವು.

ಆಪರೇಷನ್ ಒಲ್ಲೆ ಎಂದ. ಕಾಲು ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಬಡಿಯುತ್ತಿರುವ ಹೃದಯದ ಮೇಲೆ ಕಪ್ಪು ಬಳ್ಳಿಗಳ ಹಾಗೆ ರಕ್ತನಾಳಗಳು, ಅಲ್ಲಲ್ಲಿ ಇಲಿ ಕಡಿದ ಹಾಗೆ ಸಣ್ಣಗಾದದ್ದು. ನನಗೆ ನೋಡಲಾಗಲಿಲ್ಲ. ಅಣ್ಣ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದ. ಇದು ನನ್ನದೇ ಎಂದು ಏನು ಗುರುತು ಎಂದು ಹಿಂದಿಯಲ್ಲಿ ಕೇಳಿದ. ಡಾಕ್ಟರು ಮೂಲೆಯಲ್ಲಿದ್ದ ಅವನ ಹೆಸರು ತೋರಿಸಿದರು. ಹೆಸರನ್ನು ಯಾರು ಬೇಕಾದರೂ ಬರೆಯಬಹುದು ಎಂದ. ಅವರಿಗೆ ಬೇಸರವಾಗಲಿಲ್ಲ, ಅಥವಾ ತೋರಿಸಲಿಲ್ಲ. ನಿಮಗೆ ನಂಬಿಕೆಯಿರುವ ಬೇರೆ ಯಾರಿಗಾದರೂ ತೋರಿಸಿ, ಆದರೆ ತೋರಿಸಿ ಎಂದರು.

ನಂಬಿಕೆಯಿರುವ ಬೇರೆ ಯಾರು? ಆದರೂ ಅವನೇ ಹುಡುಕಿದ ಇನ್ನಿಬ್ಬರ ಹತ್ತಿರ ಹೋದೆವು. ಇಬ್ಬರೂ ಅದನ್ನೇ ಹೇಳಿದರು. ಎಲ್ಲರೂ ಒಂದೇ ಮಾತು ಹೇಳುತ್ತಾರೆಂದರೆ ಮೊದಲೇ ಮಾತಾಡಿಕೊಂಡಿದ್ದಾರೆ ಎಂದ. ಬೇರೆ ಬೇರೆ ಹೇಳಿದ್ದರೆ ಯಾರಿಗೂ ಏನೂ ಗೊತ್ತಿಲ್ಲ ಎನ್ನುತ್ತಿದ್ದ. ಮಾತ್ರೆಗಳನ್ನು ಮಾತ್ರ ಒಪ್ಪಿದ, ಅದೂ ತಾನೇ ಅಂಗಡಿಗೆ ಹೋಗಿ ತಂದದ್ದನ್ನು. ವೈನಿ ಬಟ್ಟಲಲ್ಲಿ ತೆಗೆದಿಟ್ಟದ್ದನ್ನು ನುಂಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಬಡಿಸಿದ ಅನ್ನ ಉಂಡವನು.

ಈ ನಡುವೆ ನಾನೂ ನನ್ನ ಎದೆ ತೋರಿಸಿಕೊಂಡು ಬಂದೆ. ಅಣ್ಣನಿಗಿದೆ, ಅಪ್ಪನಿಗಿತ್ತು, ವಂಶ ಎಂದಿದ್ದರಲ್ಲ. ಓಡುವ ಪಟ್ಟಿಯ ಮೇಲೆ ಓಡಿಸಿದರು, ಎದೆಗೆಲ್ಲ ತಂತಿ ಹಚ್ಚಿದರು. ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ ಎಂದರು. ಇಷ್ಟು ವರ್ಷ ಕಾದು ಕೂತವನಿಗೆ ಇದೇನು ಮರ್ಯಾದೆ. ಕೆಳಗೆ ಬಂದು ಹೇಳಿದಾಗ ಅಣ್ಣ ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕ.

"ಚಲೋ ಐತಿ ಅಂತ ಹೇಳಿದ್ರು, ನೀ ನಂಬಿ ಬಂದಿ?"

ನಾನು ನಂಬಿರಲಿಲ್ಲ. ಇನ್ನೊಂದು ಕಡೆ ತೋರಿಸಲು ಹೆಸರು ಬರೆಸಿಯೇ ಬಂದಿದ್ದೆ. ಒಬ್ಬನೇ ಅಪ್ಪನ ಮಕ್ಕಳು ನಾವು. ಅವನು ಲೋಕವನ್ನು ನಂಬುವುದಿಲ್ಲ, ನಾನು ನನ್ನ ಮೈಯನ್ನು ನಂಬುವುದಿಲ್ಲ. ನನ್ನದರಿಂದ ಯಾರೂ ಸಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ನಡಿಗೆ ಗೇಟಿನವರೆಗೆ ಇಳಿಯಿತು. ಒಂದು ದಿನ ಬಂದ್ ಇತ್ತು, ಬಸ್ಸಿಲ್ಲದೆ ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಸದ್ದಾಯಿತು. ತಿರುವಿನಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತಿ ಅಣ್ಣ ಬಂದ. ಇಳಿದು ಬಾ ಎಂದು ಕೂಗಿದ್ದರೆ ನಾನೇ ಹೋಗುತ್ತಿದ್ದೆ. ಅವನು ಕುರ್ಚಿಯಲ್ಲಿ ಕೂತು ಮಾತಾಡುವಷ್ಟು ಉಸಿರು ಬರುವವರೆಗೆ ಕಾದ. ನನ್ನ ಹೆಂಡತಿ ನೀರು ತಂದಿಟ್ಟು ಒಳಗೆ ಹೋದಳು.

"ನೀವು ನನಗ ಕೆಟ್ಟದ್ದು ಮಾಡೋರಲ್ಲ. ಅದು ನನಗ ಗೊತ್ತೈತಿ," ಎಂದ. "ಮುಂಜಾನೆ ಎದ್ದು ಕುಂತು, ಇವತ್ತು ನಂಬಬೇಕು ಅಂತೀನಿ. ನಂಬಿಕಿ ಬರವಲ್ದು. ಎಲ್ಲಿಂದ ತರಲಿ ಹೇಳು."

ಅವನ ಬಾಯಿಂದ ಇಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಯಾವ ಚಿಂತೆಯಲ್ಲೂ ಇದಕ್ಕೆ ತಯಾರಿ ಮಾಡಿಕೊಂಡಿರಲಿಲ್ಲ. ಆದರೂ ಹೇಳಿದೆ:

"ನಂಬದೇನ ಮಾಡಸ್ಕೋ ಅಣ್ಣಾ. ಡಾಕ್ಟರಿಗೆ ನಿನ್ನ ನಂಬಿಕಿ ಬೇಕಾಗಿಲ್ಲ, ನೀ ಬಂದು ಮಲಗಿದ್ರ ಸಾಕು."

ಅವನು ಅದನ್ನು ನಿಜವಾಗಿ ಯೋಚಿಸಿದ. ನೆಲ ನೋಡುತ್ತ, ಬೆರಳುಗಳನ್ನು ಒಂದರೊಳಗೊಂದು ಹೆಣೆಯುತ್ತ, ಬಿಡಿಸುತ್ತ. ಹೂಂ ಎನ್ನುತ್ತಾನೆ ಎಂದು ನನಗೆ ಅನ್ನಿಸಿತು. ಆ ಕ್ಷಣ ನಾನು ಆಸ್ಪತ್ರೆಗೆ ಯಾವ ದಾರಿಯಿಂದ ಹೋದರೆ ಬಂದ್‌ನವರು ತಡೆಯುವುದಿಲ್ಲ ಎಂದು ಕೂಡ ಲೆಕ್ಕ ಹಾಕಿದೆ.

"ಮಲಗಿಸಿ ಮೈಮರಸ್ತಾರ," ಎಂದ ಕೊನೆಗೆ. "ಎಚ್ಚರ ಇರಂಗಿಲ್ಲ. ಎದಿ ಕೊಯ್ದು ಹಿಡಕೊಂಡಿರ್ತಾರ, ನನಗ ಗೊತ್ತ ಆಗಂಗಿಲ್ಲ. ಅಷ್ಟು ಹೊತ್ತು ಇನ್ನೊಬ್ಬರ ಕೈಯಾಗ ಇರೋದು ನನ್ನ ಕೈಲೆ ಆಗಂಗಿಲ್ಲ, ತಮ್ಮಾ."

ಎದ್ದು ಇಳಿದು ಹೋದ. ನಾನು ಹಿಂದೆ ಹಿಂದೆ ಹೋದೆ, ಕೈ ಹಿಡಿಯಲಿಲ್ಲ. ಹಿಡಿದರೆ ಯಾಕೆ ಹಿಡಿದೆ ಎಂದು ಯೋಚಿಸುತ್ತಾನೆ.

ಇದು ಕಳೆದ ವರ್ಷದ ಮಾತು. ಡಾಕ್ಟರನ್ನು ನಾನೊಬ್ಬನೇ ಹೋಗಿ ಕಂಡು ಬಂದಿದ್ದೇನೆ. ಹೃದಯ ಈಗ ಸೋತಿರಬಹುದು, ಈಗ ಒಪ್ಪಿದರೂ ಆಪರೇಷನ್ ಮೊದಲಿನಷ್ಟು ಸುಲಭವಲ್ಲ ಎಂದರು. ಇದನ್ನು ಅವನಿಗೆ ಹೇಳಲೋ ಬೇಡವೋ ಎಂದು ಈ ಸಲ ಯಾರನ್ನೂ ಕೇಳಲಿಲ್ಲ. ಅದೇ ದಿನ ಬಂದು ಹೇಳಿಬಿಟ್ಟೆ. ಅವನು ತಲೆಯಾಡಿಸಿದ, ಮೊದಲು ಬೇಕೇ ಬೇಕು ಎಂದಿದ್ದವರು ಈಗ ಕಷ್ಟ ಎನ್ನುತ್ತಿದ್ದಾರೆ ನೋಡು ಎಂದ.

ಪಥ್ಯವನ್ನು ಎಂದೋ ಬಿಟ್ಟಿದ್ದೇವೆ. ಈಗ ಮುಂಜಾನೆ ಅವನು ಹಾಲಿನವನನ್ನು ಬೈಯುತ್ತಾನೆ, ಪೇಪರಿನವನನ್ನು ಬೈಯುತ್ತಾನೆ, ಗೋಡೆಯಾಚೆಗೆ ಕೇಳುವ ಹಾಗೆ ಮಾಸ್ತರರನ್ನು ಬೈಯುತ್ತಾನೆ. ದನಿ ಮೊದಲಿನಷ್ಟಿಲ್ಲ, ನಡುನಡುವೆ ನಿಲ್ಲಿಸಬೇಕಾಗುತ್ತದೆ. ಅವನನ್ನು ತಿನ್ನುತ್ತಿರುವುದು ಅದೇ ಎಂದು ಗೊತ್ತಿದ್ದೂ ನಾನು ಮೇಲೆ ಹಾಸಿಗೆಯಲ್ಲಿ ಮಲಗಿ ಆ ಬೈಗುಳಕ್ಕೆ ಕಾಯುತ್ತೇನೆ. ಕೇಳಿದೊಡನೆ ನನ್ನ ಹೆಂಡತಿ, ಭಾವನವರು ಎದ್ದರು ಎಂದು ಚಹಾಕ್ಕೆ ಇಡುತ್ತಾಳೆ. ಮಾಸ್ತರರೂ ಆ ಹೊತ್ತಿಗೆ ಬೇಕೆಂದೇ ಹೊರಗೆ ಬಂದು ಗಿಡಕ್ಕೆ ನೀರು ಹಾಕುತ್ತಾರೆ ಎಂದು ನನ್ನ ಅನುಮಾನ.

ಇಂದು ಮುಂಜಾನೆ ಹಾಲಿನವನು ಬಂದು ಹೋದ. ಪೇಪರು ಬಿದ್ದ ಸದ್ದಾಯಿತು. ಕೆಳಗೆ ಯಾರೂ ಯಾರನ್ನೂ ಬೈಯಲಿಲ್ಲ. ನಾನು ಎದ್ದು ಮೆಟ್ಟಿಲವರೆಗೆ ಹೋಗಿ ನಿಂತೆ. ಅಲ್ಲಿಂದಲೇ ಕೆಳಗೆ ಬಗ್ಗಿ ನೋಡಿದೆ. ನಳದಲ್ಲಿ ನೀರು ಬರುವ ದಿನ, ಕೊಡಗಳು ಗೋಡೆಯ ಹತ್ತಿರ ಸಾಲಾಗಿ ನಿಂತಿದ್ದವು, ಯಾರೂ ನೀರು ಹಿಡಿಯುತ್ತಿರಲಿಲ್ಲ. ಆಮೇಲೆ ಒಳಗಿನಿಂದ ಅಣ್ಣನ ದನಿ ಕೇಳಿತು. ವೈನಿಯನ್ನು ಕರೆಯುತ್ತಿದ್ದ.

"ಸ್ವಲ್ಪ ನೀರು ಕೊಡ್ತಿಯೇನು," ಎಂದ.

ಅಷ್ಟು ಮೆತ್ತಗೆ ಅವನು ಏನನ್ನಾದರೂ ಕೇಳಿದ್ದನ್ನು ವೈನಿಯೂ ಎಂದೂ ಕೇಳಿದವರಲ್ಲ. ಅಡಿಗೆಮನೆಯಲ್ಲಿ ಒಂದು ಲೋಟ ಕೆಳಗೆ ಬಿದ್ದು ಉರುಳಿತು. ನಾನು ಕಾಯುತ್ತ ನಿಂತೆ. ಲೋಟ ಬೀಳಿಸಿದ್ದಕ್ಕೂ ಅವನು ಬೈಯಲಿಲ್ಲ.